ಲಿವರ್ ಕೊಡುವ ಮುನ್ನ ನಿಮ್ಮ ಆರೋಗ್ಯವನ್ನೂ ವಿಚಾರಿಸಿ

‘ಲಿವರ್ ಪೂರ್ತಿ ಹಾಳಾಗಿದೆ, ಕಸಿ ಮಾಡಿಸದೆ ಬೇರೆ ದಾರಿಯಿಲ್ಲ’ ಅಂತ ಡಾಕ್ಟರ್ ಹೇಳಿದ ಮೇಲೆ ಮನೆಯಲ್ಲಿ ಏನೇನಾಗುತ್ತೆ ಗೊತ್ತಾ? ಮೊದಲು ಅಳು. ಆಮೇಲೆ ದುಡ್ಡಿನ ಲೆಕ್ಕಾಚಾರ. ಅದೂ ಮುಗಿದ ಮೇಲೆ ‘ಕೊಡೋರು ಯಾರು?’ ಅನ್ನೋ ಪ್ರಶ್ನೆ. ಆಗ ಎಲ್ಲರ ಕಣ್ಣೂ ಮೆಲ್ಲಗೆ ಒಬ್ಬರ ಕಡೆ ತಿರುಗುತ್ತವೆ. ಆ ಒಬ್ಬರು ಸಾಮಾನ್ಯವಾಗಿ ಹೆಂಡತಿ, ಇಲ್ಲವೇ ತಾಯಿ.

ಇದು ಊಹೆಯ ಮಾತಲ್ಲ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯಾದ ‘ನೋಟ್ಟೋ’ ಅಂಕಿಅಂಶ ನೋಡಿ. 2019ರಿಂದ 2023ರವರೆಗೆ ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗದಾನ ಮಾಡಿದವರು 56,509 ಜನ. ಅವರಲ್ಲಿ ಮಹಿಳೆಯರು 36,038, ಪುರುಷರು 20,471. ಮೂತ್ರಪಿಂಡ, ಲಿವರ್ ಎಲ್ಲ ಸೇರಿದ ಲೆಕ್ಕ ಇದು. ಅದೇ ಅಂಗ ಪಡೆದವರ ಪಟ್ಟಿ ತೆಗೆದರೆ ಅಲ್ಲಿ ಗಂಡಸರೇ ಹೆಚ್ಚು. ಕೊಡೋ ಸಾಲಿನಲ್ಲಿ ಮುಂದೆ, ಪಡೆಯೋ ಸಾಲಿನಲ್ಲಿ ಹಿಂದೆ... ಅಡುಗೆಮನೆಯಲ್ಲಿ ಕೊನೆಗೆ ಊಟ ಮಾಡುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣದಿರಬಹುದು, ಅಲ್ವೇ?

ಕೊಡಬೇಡಿ ಅಂತ ಹೇಳುತ್ತಿಲ್ಲ. ಗಂಡನ, ಮಗುವಿನ ಜೀವ ಉಳಿಯುತ್ತೆ ಅಂದರೆ ಯಾವ ಹೆಣ್ಣು ತಾನೇ ಹಿಂದೆ ಸರಿದಾಳು? ಆದರೆ ಒಂದು ವಿಷಯ ಗಮನಿಸಿ. ಬೇರೆಲ್ಲ ಆಪರೇಷನ್‌ಗಳಲ್ಲಿ ಕಾಯಿಲೆ ಇರೋರು ಟೇಬಲ್ ಮೇಲೆ ಮಲಗುತ್ತಾರೆ. ಇಲ್ಲಿ ಯಾವ ಕಾಯಿಲೆಯೂ ಇಲ್ಲದ, ಬೆಳಿಗ್ಗೆ ತಾನೇ ನೀರು ತುಂಬಿಸಿ ಮಕ್ಕಳ ಡಬ್ಬಿ ಕಟ್ಟಿದ ಹೆಂಗಸು ತನಗೆ ಬೇಡದ ದೊಡ್ಡ ಆಪರೇಷನ್‌ಗೆ ಮೈಯೊಡ್ಡುತ್ತಾಳೆ. ಹಾಗಾಗಿ ‘ಅವರಿಗೆ ಹುಷಾರಾಗುತ್ತಾ?’ ಅನ್ನುವಷ್ಟೇ ಜೋರಾಗಿ ‘ನನಗೇನಾಗುತ್ತೆ?’ ಅಂತಲೂ ಕೇಳಬೇಕು. ಅದು ಸ್ವಾರ್ಥವಲ್ಲ.

ಕತ್ತರಿಸಿದರೂ ಬೆಳೆಯುವ ಅಂಗ

ನಮ್ಮ ದುದ್ದದ ಕಡೆ ಈಲಿ ಅಂದರೆ ತಟ್ಟನೆ ನೆನಪಾಗೋದು ಭಾನುವಾರದ ಮಟನ್ ಅಂಗಡಿ! ಮನುಷ್ಯರ ಲಿವರ್ ಅಂದಾಗ ಕೆಲವರು ಯಕೃತ್ತು ಅಂತಾರೆ, ಕೆಲವರು ಪಿತ್ತಕೋಶ ಅಂದುಬಿಡ್ತಾರೆ. ಪಿತ್ತಕೋಶ ಬೇರೆ, ಅದು ಲಿವರ್‌ನ ಕೆಳಗೆ ಅಂಟಿಕೊಂಡಿರುವ ಪುಟ್ಟ ಚೀಲ. ಲಿವರ್ ಇರೋದು ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬಿನ ಮರೆಯಲ್ಲಿ. ದೊಡ್ಡವರಲ್ಲಿ ಸುಮಾರು ಒಂದೂವರೆ ಕೆ.ಜಿ. ತೂಗುತ್ತೆ.

ಇದರ ವಿಶೇಷ ಏನೆಂದರೆ, ಒಂದು ಭಾಗ ತೆಗೆದರೂ ಉಳಿದ ಭಾಗ ದಪ್ಪಗಾಗುತ್ತಾ ಬಂದು ಎರಡು-ಮೂರು ತಿಂಗಳಲ್ಲಿ ಬಹುಪಾಲು ಮೊದಲಿನ ಗಾತ್ರ ಮುಟ್ಟುತ್ತೆ. ಕತ್ತರಿಸಿದ ತುಂಡೇ ಮತ್ತೆ ಚಿಗುರೋದಿಲ್ಲ, ಉಳಿದದ್ದು ಹಿಗ್ಗುತ್ತೆ, ಅಷ್ಟೆ. ಈ ಗುಣವನ್ನು ನಂಬಿಯೇ 1989ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ತಾಯಿಯ ಲಿವರ್‌ನ ಒಂದು ಭಾಗವನ್ನು ಮಗನಿಗೆ ಕಸಿ ಮಾಡಿ ವೈದ್ಯರು ಗೆದ್ದರು. ನಮ್ಮ ದೇಶದಲ್ಲಿ 1998ರ ನವೆಂಬರ್‌ನಲ್ಲಿ ದೆಹಲಿಯಲ್ಲಿ, ಕಾಂಚೀಪುರದ ಪುಟ್ಟ ಮಗುವೊಂದಕ್ಕೆ ಅಪ್ಪನೇ ಲಿವರ್ ಕೊಟ್ಟರು. ಆ ಮಗು ದೊಡ್ಡವನಾಗಿ ಡಾಕ್ಟರ್ ಆದ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ.

ಮಗುವಿಗೆ ಕೊಡೋದಾದರೆ ಎಡಗಡೆಯ ಚಿಕ್ಕ ಭಾಗ ಸಾಕು. ಗಂಡನಿಗೋ ಅಣ್ಣನಿಗೋ ಆದರೆ ಸಾಮಾನ್ಯವಾಗಿ ಬಲಭಾಗ ಬೇಕು, ಅಂದರೆ ಸುಮಾರು 60 ಭಾಗ ಹೋಗುತ್ತೆ. ಜೊತೆಗೆ ಪಿತ್ತಕೋಶವನ್ನೂ ತೆಗೆಯುತ್ತಾರೆ. ಕೊಟ್ಟವರಲ್ಲಿ ಕಡೇಪಕ್ಷ 30 ಭಾಗವಾದರೂ ಉಳಿಯಲೇಬೇಕು ಅನ್ನೋದು ವೈದ್ಯರ ಲೆಕ್ಕ. ನಿಮ್ಮಲ್ಲಿ ಎಷ್ಟು ಉಳಿಯುತ್ತೆ ಅಂತ ಸಿ.ಟಿ. ಸ್ಕ್ಯಾನ್‌ನಲ್ಲಿ ಅಳೆದು ಹೇಳುತ್ತಾರೆ. ಆ ಅಂಕಿಯನ್ನು ಬಾಯಿಬಿಟ್ಟು ಕೇಳಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಎಲ್ಲರಿಗೂ ಆಗೋದಿಲ್ಲ

18 ತುಂಬಿರಬೇಕು, ಸಾಮಾನ್ಯವಾಗಿ 50-55 ದಾಟಿರಬಾರದು. ರಕ್ತದ ಗುಂಪು ಹೊಂದಬೇಕು. ‘ಓ’ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು, ಪಾಸಿಟಿವ್-ನೆಗೆಟಿವ್ ಇಲ್ಲಿ ಅಡ್ಡಿಯಾಗೋದಿಲ್ಲ. ಹತೋಟಿಗೆ ಬಾರದ ಬಿ.ಪಿ., ಸಕ್ಕರೆ ಕಾಯಿಲೆ, ಹೃದ್ರೋಗ, ಹೆಪಟೈಟಿಸ್ ಬಿ ಅಥವಾ ಸಿ ಇದ್ದರೆ ಆಸ್ಪತ್ರೆಯವರೇ ಬೇಡ ಅನ್ನುತ್ತಾರೆ. ಬಸುರಿ ಅಂತೂ ಕೊಡುವಂತಿಲ್ಲ. ಸಿಸೇರಿಯನ್ ಆಗಿದ್ದರೆ ಅದೊಂದೇ ಕಾರಣಕ್ಕೆ ಬೇಡ ಅನ್ನೋದಿಲ್ಲ, ಆದರೆ ಮರೆಯದೆ ಹೇಳಿ.

ರಕ್ತಪರೀಕ್ಷೆ, ಎಕ್ಸರೇ, ಇ.ಸಿ.ಜಿ., ಎಕೋ, ಸಿ.ಟಿ., ಪಿತ್ತನಾಳಗಳು ಹೇಗೆ ಹರಡಿವೆ ಅಂತ ತಿಳಿಯೋಕೆ ಎಂ.ಆರ್.ಐ., ಆಮೇಲೆ ಮನೋವೈದ್ಯರ ಜೊತೆ ಮಾತುಕತೆ. ಇಷ್ಟಾಗುವಾಗ ಬೇರೆ ಯಾವುದೋ ಅಡಗಿದ್ದ ಕಾಯಿಲೆ ಹೊರಗೆ ಬಂದು ‘ನಿಮ್ಮಿಂದ ಆಗೋದಿಲ್ಲ’ ಅನ್ನಿಸಿಕೊಂಡು ವಾಪಸಾಗೋರೂ ಇದ್ದಾರೆ. ಅದಕ್ಕೆ ಅಪರಾಧಿ ಭಾವ ಬೇಡ. ಲಾಭವೆಂದೇ ತಿಳಿಯಿರಿ, ನಿಮ್ಮ ಕಾಯಿಲೆ ಬೇಗ ಗೊತ್ತಾಯಿತಲ್ಲ!

ನಮ್ಮ ಹೆಂಗಸರು ಡಾಕ್ಟರ ಮುಂದೆ ಮುಚ್ಚಿಡೋ ಮೂರು ವಿಷಯ ಇವೆ. ಮೊದಲನೆಯದು ಗರ್ಭನಿರೋಧಕ ಮಾತ್ರೆ. ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಆದ್ದರಿಂದ ಆಪರೇಷನ್‌ಗೆ ಸುಮಾರು ಒಂದು ತಿಂಗಳು ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಹಬ್ಬಕ್ಕೆ, ವ್ರತಕ್ಕೆ ಮುಟ್ಟು ಮುಂದೂಡಲು ನುಂಗುವ ಮಾತ್ರೆಯನ್ನೂ ಹೇಳಿ. ಎರಡನೆಯದು ರಕ್ತಹೀನತೆ. ‘ಸ್ವಲ್ಪ ಸುಸ್ತು’ ಅಂತ ವರ್ಷಗಟ್ಟಲೆ ತಳ್ಳಿಕೊಂಡು ಬಂದಿರುತ್ತೀವಿ. ಅದನ್ನು ಮೊದಲು ಸರಿಮಾಡಿಕೊಳ್ಳಬೇಕು. ಮೂರನೆಯದು ನಾಟಿ ಔಷಧಿ, ಕಷಾಯ, ತೂಕ ಇಳಿಸೋ ಪುಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್‌ಗೆ ಪೆಟ್ಟಾಯಿತೆಂದು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಅವರಿಗಿರಲಿ, ಲಿವರ್ ಕೊಡಲು ಹೊರಟವರು ಡಾಕ್ಟರಿಗೆ ಹೇಳದೆ ಯಾವ ಕಷಾಯವನ್ನೂ ಕುಡಿಯದಿರುವುದೇ ವಾಸಿ.

ಮುಖ್ಯ ತಡೆ ಕೊಬ್ಬು

ದಾನಿಯಾಗಲು ಬಂದವರಿಗೆ ಎದುರಾಗುವ ದೊಡ್ಡ ಅಡ್ಡಿ ಯಾವುದು ಗೊತ್ತಾ? ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ತುಂಬಿಕೊಂಡ ಕೊಬ್ಬು. ಕುಡಿಯದವರಿಗೂ ಇದು ಬರುತ್ತೆ. ದಪ್ಪ ಇರೋರಿಗೆ ಹೆಚ್ಚು, ಆದರೆ ನೋಡಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದಿರುವವರಿಗೂ ಇರುತ್ತೆ. ಕೊಬ್ಬು ತುಂಬಿದ ಲಿವರ್ ಕತ್ತರಿಸಿದರೆ ಉಳಿದದ್ದು ಸರಿಯಾಗಿ ಬೆಳೆಯೋದಿಲ್ಲ, ಪಡೆದವರಲ್ಲೂ ಸರಿಯಾಗಿ ಕೆಲಸ ಮಾಡೋದಿಲ್ಲ.

2025ರಲ್ಲಿ ಹಾಸನ ಜಿಲ್ಲೆಯಲ್ಲಿ ಸಾಲುಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ಜನ ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಕ್ಯೂ ನಿಂತದ್ದು ನೆನಪಿದೆಯಲ್ಲ? ಲಿವರ್ ವಿಷಯಕ್ಕೆ ಹಾಗೆ ಯಾರೂ ಕ್ಯೂ ನಿಲ್ಲಲ್ಲ, ಏಕೆಂದರೆ ಅದು ನೋಯುವುದಿಲ್ಲ, ಸದ್ದಿಲ್ಲದೆ ಕೊಬ್ಬುತ್ತಾ ಹೋಗುತ್ತೆ.

ಸಮಾಧಾನದ ವಿಷಯವೆಂದರೆ ಈ ಕೊಬ್ಬು ಕರಗುತ್ತೆ. ಕೇರಳದ ತ್ರಿಶೂರಿನ 17 ವರ್ಷದ ಹುಡುಗಿಯ ಕತೆ ಕೇಳಿ. ಅಪ್ಪನಿಗೆ ಲಿವರ್ ಕೊಡ್ತೀನಿ ಅಂದಳು, ವಯಸ್ಸು ಸಾಲದು ಅಂದರು. ಹೈಕೋರ್ಟ್‌ಗೆ ಹೋಗಿ 2022ರ ಡಿಸೆಂಬರ್‌ನಲ್ಲಿ ಅನುಮತಿ ಪಡೆದಳು. ಆದರೆ ಅವಳ ಲಿವರ್‌ನಲ್ಲೇ ಕೊಬ್ಬಿತ್ತು! ಊಟ ಬದಲಿಸಿ, ಜಿಮ್‌ಗೆ ಸೇರಿ ಬೆವರು ಹರಿಸಿ ಅದನ್ನು ಕರಗಿಸಿಕೊಂಡಳು. 2023ರ ಫೆಬ್ರವರಿಯಲ್ಲಿ ಆಪರೇಷನ್ ಆಯಿತು.

ನಾವು ಜಿಮ್‌ಗೆ ಹೋಗದಿದ್ದರೂ ಪರವಾಗಿಲ್ಲ. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಮನೆಯೊಳಗೆ ಓಡಾಡೋದು ಲೆಕ್ಕಕ್ಕಿಲ್ಲ. ಸಕ್ಕರೆ ಹಾಕಿದ ಕಾಫಿ-ಟೀ ಎರಡಕ್ಕೆ ಇಳಿಯಲಿ, ಸಾಧ್ಯವಾದರೆ ಸಕ್ಕರೆಯನ್ನೇ ಬಿಡಿ. ಮುದ್ದೆ ಬಿಡಬೇಕಿಲ್ಲ, ಆದರೆ ಮುದ್ದೆ ಮೇಲೆ ಮತ್ತೊಂದು ತಟ್ಟೆ ಅನ್ನ ಬೇಡ. ಜೊತೆಗೆ ಸೊಪ್ಪಿನ ಸಾರು, ಹುರುಳಿ, ಅವರೆ, ಮೊಟ್ಟೆ ತಿನ್ನೋರಾದರೆ ಮೊಟ್ಟೆ ಇರಲಿ. ಆಲೂಗೆಡ್ಡೆ ನಮ್ಮ ಜಿಲ್ಲೆಯ ಹೆಮ್ಮೆ ನಿಜ, ಆದರೆ ಸಂಜೆಯ ಬೋಂಡಾಕ್ಕೆ ಕೆಲವು ತಿಂಗಳು ರಜಾ ಕೊಡಿ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ‘ಅಯ್ಯೋ ದಂಡವಾಗುತ್ತಲ್ಲ’ ಅಂತ ನಾವು ತಿನ್ನುತ್ತೀವಲ್ಲ, ಅದನ್ನೂ ಬಿಡಬೇಕು! ಹೀಗೆ ಕೆಲವೇ ವಾರಗಳಲ್ಲಿ ಕೊಬ್ಬು ಇಳಿಸಿಕೊಂಡು ದಾನಿಯಾದವರಿದ್ದಾರೆ. ಉಪವಾಸ ಬಿದ್ದು ಒಂದೇ ಸಲ ಇಳಿಸೋದು ಮಾತ್ರ ತಪ್ಪು, ಆಸ್ಪತ್ರೆಯ ಆಹಾರ ತಜ್ಞರು ಹೇಳಿದ ಹಾಗೆ ಮಾಡಿ.

ಅಪಾಯದ ಲೆಕ್ಕ

‘ಏನೂ ಆಗಲ್ಲ, ವಾರದಲ್ಲಿ ಮನೆಗೆ ಬರ್ತೀರಿ’ ಅಂತ ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ವಾರ-ಹತ್ತು ದಿನದಲ್ಲಿ ಮನೆಗೆ ಬರೋದು ನಿಜ. ಆದರೆ ಬಲಭಾಗ ಕೊಟ್ಟವರಲ್ಲಿ 200ರಿಂದ 500 ಜನಕ್ಕೆ ಒಬ್ಬರು, ಎಡದ ಚಿಕ್ಕ ಭಾಗ ಕೊಟ್ಟವರಲ್ಲಿ 1000 ಜನಕ್ಕೆ ಒಬ್ಬರು ಜೀವ ಕಳೆದುಕೊಳ್ಳಬಹುದು ಅನ್ನೋದು ವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ಪಿತ್ತರಸ ಸೋರುವುದು, ಸೋಂಕು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮುಂದೆ ಹೊಲಿಗೆ ಜಾಗದಲ್ಲಿ ಹರ್ನಿಯಾ... ಇಂಥ ಯಾವುದಾದರೊಂದು ತೊಂದರೆ 100ರಲ್ಲಿ 20ರಿಂದ 40 ಜನಕ್ಕೆ ಕಾಣಿಸಿಕೊಳ್ಳಬಹುದು. ಹೆಚ್ಚಿನವು ಗುಣವಾಗುವಂಥವೇ.

2024ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿ ಓದಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹೆಂಗಸರು ಕಣ್ಣೀರಿಟ್ಟಿದ್ದರು. ಕರಾವಳಿಯ ಯುವತಿ, ಪುಟ್ಟ ಮಗುವಿನ ತಾಯಿ, ಗಂಡನ ಕಡೆಯ ಹಿರಿಯ ಬಂಧುವಿಗೆ ಲಿವರ್‌ನ ಭಾಗ ಕೊಟ್ಟಿದ್ದರು. ಮನೆಗೂ ಬಂದಿದ್ದರು. ಕೆಲವೇ ದಿನಗಳಲ್ಲಿ ಸೋಂಕು ತಗುಲಿ ತೀರಿಕೊಂಡರು. 2025ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಲಿವರ್ ಪಡೆದ ಗಂಡ, ಕೊಟ್ಟ ಹೆಂಡತಿ ಇಬ್ಬರೂ ಹೋದರು. ಇಂಥವು ಅಪರೂಪ. ಕೊಟ್ಟು ವರ್ಷಗಟ್ಟಲೆ ಆರಾಮಾಗಿ ಬಾಳುತ್ತಿರುವವರೇ ಬಹಳ ಹೆಚ್ಚು. ಆದರೆ ಸಹಿ ಹಾಕುವವಳಿಗೆ ಈ ಎರಡೂ ಗೊತ್ತಿರಬೇಕು.

ಇನ್ನೊಂದು ಮಾತು, ಸ್ವಲ್ಪ ಕಹಿ. ಗಂಡನ ಲಿವರ್ ಕುಡಿತದಿಂದ ಹಾಳಾಗಿದ್ದರೆ? ಕಸಿಗೆ ಮುಂಚೆ ಇಂತಿಷ್ಟು ತಿಂಗಳು ಕುಡಿಯದೇ ಇರಬೇಕು ಅಂತ ಅನೇಕ ಆಸ್ಪತ್ರೆಗಳು ಕೇಳುತ್ತವೆ. ಆಸ್ಪತ್ರೆ ಕೇಳದಿದ್ದರೂ ನೀವು ಕೇಳಿ. ನಿಮ್ಮ ಮೈಯಿಂದ ತೆಗೆದಿಟ್ಟದ್ದರ ಮೇಲೆ ಅವರು ಮತ್ತೆ ಗ್ಲಾಸ್ ಎತ್ತಿದರೆ ಏನು ಗತಿ? ಇದನ್ನು ಕೇಳಲು ನಾಚಿಕೆ, ಹೆದರಿಕೆ ಯಾಕೆ? ಹಾಗೇ ‘ಇವರು ಬದುಕುವ ಸಾಧ್ಯತೆ ಎಷ್ಟು?’ ಅಂತಲೂ ಡಾಕ್ಟರನ್ನೇ ನೇರ ಕೇಳಿ. ನುರಿತ ಕೇಂದ್ರಗಳಲ್ಲಿ ಕಸಿಯಾದ 100 ಜನರಲ್ಲಿ 85ರಿಂದ 90 ಜನ ಮೊದಲ ವರ್ಷ ದಾಟುತ್ತಾರೆ. ರೋಗಿ ತೀರಾ ಹದಗೆಟ್ಟ ಮೇಲೆ ಬಂದರೆ ಈ ಲೆಕ್ಕ ಕಡಿಮೆಯಾಗುತ್ತೆ.

‘ಬೇಡ’ ಅನ್ನಲೂಬಹುದು

1994ರ ಅಂಗಾಂಗ ಕಸಿ ಕಾಯ್ದೆ, ಅದರ 2011ರ ತಿದ್ದುಪಡಿ ಪ್ರಕಾರ ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳು. ಸೊಸೆ, ಅತ್ತೆ, ನಾದಿನಿ, ಮೈದುನ ಈ ಪಟ್ಟಿಯಲ್ಲಿಲ್ಲ! ಸೊಸೆ ಅತ್ತೆಗೆ ಕೊಡಬೇಕಾದರೆ ಅನುಮೋದನಾ ಸಮಿತಿಯ ಮುಂದೆ ಹೋಗಿ, ಯಾರ ಒತ್ತಾಯವೂ ಇಲ್ಲ, ದುಡ್ಡಿನ ವ್ಯವಹಾರವೂ ಇಲ್ಲ ಅಂತ ತೋರಿಸಿ ಒಪ್ಪಿಗೆ ಪಡೆಯಬೇಕು. ದುಡ್ಡಿಗೆ ಅಂಗ ಕೊಡು-ಕೊಳ್ಳುವುದಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿಯವರೆಗೆ ದಂಡ.

2014ರ ನಿಯಮಗಳಲ್ಲಿ ನಮಗಾಗಿಯೇ ಒಂದು ಮಾತಿದೆ. ದಾನಿ ಹೆಂಗಸಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರು ಖಚಿತಪಡಿಸಬೇಕು ಅಂತ. ಸರ್ಕಾರಕ್ಕೇ ಗೊತ್ತಿದೆ ನೋಡಿ, ನಮ್ಮ ಮನೆಗಳಲ್ಲಿ ‘ಹೂಂ’ ಅನ್ನೋದೆಲ್ಲ ಒಪ್ಪಿಗೆಯಲ್ಲ ಅಂತ!

ಆದ್ದರಿಂದ ಆಪ್ತಸಮಾಲೋಚಕರ ಜೊತೆ ಒಬ್ಬರೇ ಮಾತಾಡಲು ಅವಕಾಶ ಕೇಳಿ. ಅತ್ತೆ, ಮೈದುನ ಹೊರಗಡೆ ಬೆಂಚಿನಲ್ಲಿ ಕೂತಿರಲಿ. ಒಳಗೆ ನಿಜ ಹೇಳಿ. ಪುಟ್ಟ ಮಕ್ಕಳಿದ್ದಾರೆ, ಭಯವಾಗುತ್ತೆ ಅನ್ನಿಸಿದರೆ ಅದನ್ನೂ ಹೇಳಿ. ಅರಿವಳಿಕೆ ಕೊಡುವ ಗಳಿಗೆಯವರೆಗೂ ನೀವು ಹಿಂದೆ ಸರಿಯಬಹುದು. ಹಾಗೆ ಸರಿದವರ ಮನೆಯವರಿಗೆ ‘ವೈದ್ಯಕೀಯ ಕಾರಣಗಳಿಂದ ಇವರು ದಾನಿಯಾಗಲು ಹೊಂದುವುದಿಲ್ಲ’ ಅಂತಷ್ಟೇ ತಿಳಿಸುವ ಪದ್ಧತಿ ಅನೇಕ ಕಸಿ ಕೇಂದ್ರಗಳಲ್ಲಿದೆ. ಯಾರ ಮುಂದೆಯೂ ನೀವು ತಲೆ ತಗ್ಗಿಸಬೇಕಿಲ್ಲ.

ನೀವು ಬೇಡವೆಂದರೆ ಅವರ ದಾರಿ ಮುಚ್ಚಿತು ಅಂತಲೂ ಅಲ್ಲ. ಮೆದುಳು ನಿಷ್ಕ್ರಿಯರಾದವರ ಅಂಗ ಪಡೆಯಲು ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯ ಕಾಯುವ ಪಟ್ಟಿ ಇದೆ. ಕಸಿ ಮಾಡುವ ಆಸ್ಪತ್ರೆಯ ಮೂಲಕ ಹೆಸರು ಬರೆಸಬೇಕು. ಮನೆಯಲ್ಲಿ ದಾನಿ ಇದ್ದರೂ ಮೊದಲ ದಿನವೇ ಬರೆಸಿಬಿಡಿ. ರೋಗಿ ಹೆಂಗಸೇ ಆಗಿದ್ದರೆ ಇನ್ನೊಂದು ಸುದ್ದಿ: ಕಾಯುವ ಪಟ್ಟಿಯಲ್ಲಿ ಮಹಿಳೆಯರಿಗೆ ಆದ್ಯತೆ ಕೊಡಿ ಎಂದು 2025ರ ಆಗಸ್ಟ್‌ನಲ್ಲಿ ನೋಟ್ಟೋ ರಾಜ್ಯಗಳಿಗೆ ಸಲಹೆ ಕೊಟ್ಟಿದೆ. ಬಡತನ ರೇಖೆಗಿಂತ ಕೆಳಗಿರುವವರ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯ ಸರ್ಕಾರದ ನೆರವು ಇದೆ. ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳಿದರೆ ಯಾವ ಕಾಗದ ಬೇಕು ಅಂತ ಹೇಳುತ್ತಾರೆ.

ಆಮೇಲೆ ಗಂಜಿ ಕಾಯಿಸೋರು ಯಾರು?

ಒಂದೇ ಮನೆಯ ಇಬ್ಬರು ಒಂದೇ ದಿನ ಆಪರೇಷನ್ ಥಿಯೇಟರ್ ಒಳಗಿರುತ್ತಾರೆ. ನೆಂಟರೆಲ್ಲ ರೋಗಿಯ ಸುತ್ತ ಸೇರುತ್ತಾರೆ. ಕೊಟ್ಟವಳ ಪಕ್ಕದಲ್ಲಿ ಯಾರು? ಇದನ್ನು ಮುಂಚೆಯೇ ತೀರ್ಮಾನಿಸಬೇಕು. ತವರಿನಿಂದ ತಾಯಿಯೋ ತಂಗಿಯೋ ಬಂದು ನಿಮಗಾಗಿಯೇ ಇರಲಿ. ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ. ಡಿಸ್ಚಾರ್ಜ್ ಆದ ಕೂಡಲೇ ದುದ್ದಕ್ಕೋ ಹೊಳೆನರಸೀಪುರಕ್ಕೋ ಹೊರಟುಬಿಡಬೇಡಿ. ಡಾಕ್ಟರ್ ಹೇಳುವಷ್ಟು ದಿನ ಆಸ್ಪತ್ರೆ ಹತ್ತಿರವೇ ರೂಮು ಮಾಡಿಕೊಂಡಿರಿ. ಆ ಬಾಡಿಗೆಯನ್ನೂ ಖರ್ಚಿನ ಲೆಕ್ಕದಲ್ಲಿ ಮೊದಲೇ ಸೇರಿಸಿ. ವಿಮೆ ಇದ್ದರೆ ಪಾಲಿಸಿ ಓದಿ. ದಾನಿಯ ಆಪರೇಷನ್ ಖರ್ಚು ಕೊಟ್ಟು, ಆಮೇಲಿನ ತೊಂದರೆಗಳ ಖರ್ಚು ಕೊಡದ ಪಾಲಿಸಿಗಳೇ ಅನೇಕ. ಕೇಂದ್ರ ಸರ್ಕಾರಿ ನೌಕರಿಯಲ್ಲಿ ಇರೋರಿಗೆ 2023ರ ಆದೇಶದಂತೆ ಅಂಗದಾನಕ್ಕೆ 42 ದಿನಗಳವರೆಗೆ ವಿಶೇಷ ರಜೆ ಇದೆ. ಗೃಹಿಣಿಗೆ ರಜೆ ಮಂಜೂರು ಮಾಡುವವರು ಯಾರು ಅಂತ ನೀವೇ ಹೇಳಿ!

ಹೊಟ್ಟೆಯ ಮೇಲೆ ಉದ್ದನೆಯ ಹೊಲಿಗೆ ಇರುತ್ತೆ. ಮೊದಲ ವಾರಗಳು ಸುಸ್ತು, ನೋವು, ಹಸಿವಿಲ್ಲದಿರುವುದು ಮಾಮೂಲು. ಸಣ್ಣಪುಟ್ಟ ಕೆಲಸಕ್ಕೆ ಮರಳಲು ನಾಲ್ಕರಿಂದ ಆರು ವಾರ ಬೇಕು. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್, ಎತ್ತಿಕೋ ಅಂತ ಅಳುವ ಮೂರು ವರ್ಷದ ಮಗು... ಇವೆಲ್ಲ ಭಾರವೇ. ಮೂರು ತಿಂಗಳವರೆಗೆ ಡಾಕ್ಟರನ್ನು ಕೇಳದೆ ಎತ್ತಬೇಡಿ, ಹರ್ನಿಯಾ ಬರೋದು ಹೀಗೇ. ಆರೋಗ್ಯವಾಗಿದ್ದವಳು ಹೀಗೆ ಮಲಗಿದಾಗ ಮನಸ್ಸು ಕುಗ್ಗುತ್ತೆ, ಸುಮ್ಮಸುಮ್ಮನೆ ಅಳು ಬರುತ್ತೆ. ಬಾಣಂತಿತನದಲ್ಲಿ ಹೀಗಾಗಿದ್ದು ನೆನಪಿರಬೇಕಲ್ಲ? ಅದನ್ನೂ ಡಾಕ್ಟರಿಗೆ ಹೇಳಿ. ಇನ್ನೊಂದು ಮಗು ಬೇಕು ಅನ್ನುವವರು ಸಾಮಾನ್ಯವಾಗಿ ಒಂದು ವರ್ಷ ತಡೆಯಬೇಕು. ಲಿವರ್ ಕೊಟ್ಟ ಮೇಲೆ ಆರೋಗ್ಯವಂತ ಮಕ್ಕಳನ್ನು ಹೆತ್ತವರು ಇದ್ದಾರೆ.

ಜ್ವರ ಬಂದರೆ, ಕಣ್ಣು ಹಳದಿಯಾದರೆ, ಹೊಟ್ಟೆನೋವು ಹೆಚ್ಚುತ್ತಾ ಹೋದರೆ, ಗಾಯದಿಂದ ನೀರು ಸೋರಿದರೆ, ಒಂದು ಕಾಲು ಊದಿದರೆ, ಉಸಿರು ಕಟ್ಟಿದ ಹಾಗಾದರೆ ಬೆಳಿಗ್ಗೆವರೆಗೆ ಕಾಯಬೇಡಿ. ಮೆಡಿಕಲ್ ಸ್ಟೋರ್‌ನಿಂದ ಜ್ವರದ ಮಾತ್ರೆ ತರಿಸಿ ನುಂಗಿ ಮಲಗಲೂಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಉಸಿರಿನ ತೊಂದರೆಯಾದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಮೊದಲು ಹೋಗಿ, ಅಲ್ಲಿಂದ ಫೋನ್ ಮಾಡಿಸಿ.

ಹುಷಾರಾದ ಮೇಲೂ ಚೆಕಪ್ ಬಿಡಬಾರದು. ಒಂದು, ಮೂರು, ಆರು, ಹನ್ನೆರಡನೇ ತಿಂಗಳಿಗೆ ಸಾಮಾನ್ಯವಾಗಿ ಕರೆಯುತ್ತಾರೆ. ಪಡೆದವರು ತಪ್ಪದೆ ಹೋಗುತ್ತಾರೆ, ಕೊಟ್ಟವರೇ ‘ನನಗೇನಾಗಿದೆ’ ಅಂತ ಉಳಿದುಬಿಡೋದು. ಮನೆಯವರ ಫೈಲ್ ಜೊತೆ ನಿಮ್ಮ ಹೆಸರಿನದೂ ಒಂದು ಬೇರೆ ಬಣ್ಣದ ಫೈಲ್ ಇರಲಿ. ಅದೇ ಬಸ್ಸಿನಲ್ಲಿ ಹೋಗಿ, ಅದೇ ದಿನ ನಿಮ್ಮ ರಕ್ತವನ್ನೂ ಪರೀಕ್ಷೆಗೆ ಕೊಟ್ಟು ಬನ್ನಿ. ಅಂಗದಾನದ ಬಗ್ಗೆ ಇನ್ನೇನಾದರೂ ಕೇಳೋದಿದ್ದರೆ ನೋಟ್ಟೋ ಸಹಾಯವಾಣಿ 1800 11 4770, ಕರೆ ಉಚಿತ.